‘ಎಲೆಕ್ಟ್ರಾನ್ ಸಾಗಣೆ ಸರಪಳಿ’: ಇಲ್ಲಿ ‘ಸರಪಳಿ’ ಸರಿಯಾದ ಪದವೇ?

ಎಲ್ಲರಿಗೂ ನಮಸ್ಕಾರ.

ನಾನು ಮೂಡಿಗೆರೆ ಕಡೆಯವಳು. ಪಿಯುಸಿ ಮಕ್ಕಳಿಗೆ ಬಯಾಲಜಿ ಹೇಳಿಕೊಡುತ್ತೇನೆ. ಜೀವಕೋಶದ ಉಸಿರಾಟದ ಪಾಠದಲ್ಲಿ ‘ಎಲೆಕ್ಟ್ರಾನ್ ಸಾಗಣೆ ಸರಪಳಿ’ ಬರುತ್ತದೆ. ಚಿತ್ರ ಬರೆಯಿರಿ ಅಂದರೆ ಮಕ್ಕಳು ದನ ಕಟ್ಟುವ ಸರಪಳಿಯ ಹಾಗೆ ಕೊಂಡಿಗೆ ಕೊಂಡಿ ಸಿಕ್ಕಿಸಿ ಬರೆಯುತ್ತಾರೆ. ತಪ್ಪು ಅವರದಲ್ಲ. ಪದವೇ ಹಾಗೆ ಹೇಳುತ್ತದೆ.

ಅಲ್ಲಿ ನಡೆಯುವುದೇ ಬೇರೆ. ಜೀವಕೋಶಕ್ಕೆ ಶಕ್ತಿ ಒದಗಿಸುವ ಭಾಗವಾದ ಮೈಟೊಕಾಂಡ್ರಿಯಾದ ಒಳಪೊರೆಯಲ್ಲಿ 4 ದೊಡ್ಡ ಪ್ರೋಟೀನ್ ಗುಂಪುಗಳಿವೆ. ಅವುಗಳ ನಡುವೆ ಯುಬಿಕ್ವಿನೋನ್, ಸೈಟೋಕ್ರೋಮ್ ಸಿ ಎಂಬ ಇಬ್ಬರು ಓಡಾಡುತ್ತಾ ಎಲೆಕ್ಟ್ರಾನ್ ತಲುಪಿಸುತ್ತಾರೆ.

ಮಳೆಗಾಲಕ್ಕೆ ಮುಂಚೆ ನಮ್ಮಲ್ಲಿ ಹೆಂಚು ಇಳಿಸುವುದನ್ನು ನೋಡಿದ್ದೀರಲ್ವಾ? ಮಾಡಿನ ಮೇಲೆ ಒಬ್ಬರು, ಏಣಿಯಲ್ಲಿ ಇಬ್ಬರು, ಅಂಗಳದಲ್ಲಿ ಒಬ್ಬರು. ಪಾಚಿ ಹಿಡಿದ ಹೆಂಚು ಕೈಯಿಂದ ಕೈಗೆ ಕೆಳಗೆ ಬರುತ್ತದೆ. ಎಲೆಕ್ಟ್ರಾನ್ ಕೂಡ ಹೀಗೇ ಇಳಿಯುತ್ತದೆ. ಒಮ್ಮೆಗೇ ಬಿದ್ದರೆ ಶಕ್ತಿಯೆಲ್ಲ ಬರೀ ಶಾಖವಾಗಿ ಹೋಗುತ್ತಿತ್ತು. ಮೆಟ್ಟಿಲು ಮೆಟ್ಟಿಲಾಗಿ ಇಳಿಯುವುದರಿಂದ ಆ ಶಕ್ತಿಯಲ್ಲಿ ಪ್ರೋಟಾನ್‌ಗಳನ್ನು ಪೊರೆಯ ಆಚೆ ತಳ್ಳಲು ಆಗುತ್ತದೆ. ಅಂಗಳದಲ್ಲಿ ನಿಂತು ಹೆಂಚು ತಗೊಳ್ಳುವವನೇ ಆಕ್ಸಿಜನ್. ಅದು ಎಲೆಕ್ಟ್ರಾನ್, ಪ್ರೋಟಾನ್ ಎರಡನ್ನೂ ತಗೊಂಡು ನೀರಾಗುತ್ತದೆ. ಅವನು ಇಲ್ಲದಿದ್ದರೆ ಏಣಿಯ ಮೇಲಿನವರೆಲ್ಲ ಹೆಂಚು ಹಿಡಿದುಕೊಂಡೇ ನಿಲ್ಲಬೇಕು. ಸೈನೈಡ್ ಮಾಡುವುದೂ ಇದನ್ನೇ, ಆಕ್ಸಿಜನ್‌ಗೆ ಕೊಡುವ ಕೊನೆಯ ಕೈಯನ್ನು ಕಟ್ಟಿಬಿಡುತ್ತದೆ. ಹೀಗೆ ಹೇಳಿದ ದಿನ ಮಕ್ಕಳಿಗೆ ಉಸಿರಾಟ ಏಕೆ ಬೇಕು ಅನ್ನುವುದು ಥಟ್ಟನೆ ಹೊಳೆಯಿತು.

ಅದಕ್ಕೇ ನಾನು ‘ದಾಟುಸಾಲು’ ಅಂತ ಬಳಸುತ್ತಿದ್ದೇನೆ. ‘ಆಹಾರ ಸರಪಳಿ’ಗೆ ನನ್ನ ತಕರಾರಿಲ್ಲ, ಅದು ಜನರ ಬಾಯಲ್ಲಿ ನಿಂತಿದೆ. ‘ಸಾಗಣೆ’ ಮಾತ್ರ ಲಾರಿಯನ್ನೇ ನೆನಪಿಸುತ್ತದೆ.

ಇನ್ನೊಂದು ಪದ. ಆಚೆ ತಳ್ಳಿದ ಪ್ರೋಟಾನ್‌ಗಳು ಅದೇ ಪೊರೆಯಲ್ಲಿರುವ ಎಟಿಪಿ ಸಿಂಥೇಸ್ ಎಂಬ ಕಿಣ್ವದ ಮೂಲಕ ವಾಪಸ್ ಬರುವಾಗ ಅದು ಗಿರ್ರನೆ ತಿರುಗಿ ಎಟಿಪಿ, ಅಂದರೆ ಜೀವಕೋಶ ಕೆಲಸಕ್ಕೆ ಬಳಸುವ ಶಕ್ತಿಯ ಅಣು, ತಯಾರಾಗುತ್ತದೆ. ಪ್ರೋಟಾನ್‌ಗಳ ಈ ಏರುಪೇರೇ ಎಟಿಪಿ ಮಾಡಿಸುತ್ತದೆ ಎಂದು ಬ್ರಿಟನ್ನಿನ ವಿಜ್ಞಾನಿ ಪೀಟರ್ ಮಿಚೆಲ್ 1961ರಲ್ಲಿ ಹೇಳಿದಾಗ ಜಾಸ್ತಿ ಜನ ಒಪ್ಪಲಿಲ್ಲ. 1978ರಲ್ಲಿ ಅದಕ್ಕೇ ನೊಬೆಲ್ ಬಂತು. ಈ ಎಟಿಪಿ ಸಿಂಥೇಸನ್ನು ‘ತೂಬು’ ಅನ್ನಬಹುದೇ? ಅಯ್ಯನಕೆರೆಯ ತೂಬು ನೋಡಿದ ಮಕ್ಕಳಿಗೆ ಬೇಗ ಹತ್ತುತ್ತದೆ. ಆದರೆ ತೂಬು ನೀರು ಬಿಡುತ್ತದೆ, ತಿರುಗುವುದಿಲ್ಲ.

ಸಕಲೇಶಪುರ, ಕೊಪ್ಪದ ಕಡೆ ಹೀಗೆ ಕೈಯಿಂದ ಕೈಗೆ ದಾಟಿಸುವ ಸಾಲಿಗೆ ಹಳಬರು ಏನಾದರೂ ಹೆಸರು ಹೇಳುತ್ತಾರಾ? ಇದ್ದರೆ ‘ದಾಟುಸಾಲು’ ಬಿಟ್ಟು ಅದನ್ನೇ ಹಿಡಿಯುತ್ತೇನೆ.