ಎರಡೂವರೆ ಲಕ್ಷ ಕಿಲೋಮೀಟರ್ ಓಡಿದ ಮೋಟರ್‌ಹೋಮ್ ಕೊಳ್ಳಬಹುದೇ?

ಪ್ರಶ್ನೆ: ಸೋಮವಾರಪೇಟೆಯ ನಿವೃತ್ತ ಮೇಷ್ಟರು

ಎಲ್ಲರಿಗೂ ನಮಸ್ಕಾರ. ಕಾಫಿ ಕೊಯ್ಲು ಮುಗಿದು ಗಿಡ ಹೂಬಿಡಲು ಬೇಕಾದ ಹೂಮಳೆಯೂ ಬಿದ್ದ ಮೇಲೆ ನಮ್ಮಂಥ ಸಣ್ಣ ತೋಟದವರಿಗೆ ಒಂದೆರಡು ತಿಂಗಳ ಬಿಡುವು ಸಿಗುತ್ತದೆ. ಆ ಬಿಡುವಿನಲ್ಲಿ ನಾನು ಮತ್ತು ನನ್ನ ಪತ್ನಿ ಊರೂರು ನೋಡಬೇಕೆಂದಿದ್ದೇವೆ. ಆಕೆಗೆ ಪಥ್ಯದ ಊಟವೇ ಆಗಬೇಕಾದ್ದರಿಂದ, ಅಡುಗೆಯನ್ನೂ ಹಾಸಿಗೆಯನ್ನೂ ಜೊತೆಯಲ್ಲೇ ಒಯ್ಯುವ ವಾಹನವಾದರೆ ಅನುಕೂಲವೆಂಬ ಯೋಚನೆ ಬಂತು.

ಕಣ್ಣೂರಿನಲ್ಲಿ ಒಂದು ಗಾಡಿ ಮಾರಾಟಕ್ಕಿದೆ. 2014ರ ಟೆಂಪೋ ಟ್ರಾವೆಲರ್, ಅಂದರೆ ನಾವೆಲ್ಲ ಹೇಳುವ ಟಿಟಿ. ಮೊದಲು ಪ್ರವಾಸಿ ವಾಹನವಾಗಿ ಓಡಿ, ಆಮೇಲೆ ಒಳಗೆ ಮಂಚ, ಸಿಂಕ್, ಗ್ಯಾಸ್ ಒಲೆ, ಸಣ್ಣ ಶೌಚಾಲಯ ಕೂರಿಸಿಕೊಂಡಿದೆ. ಮೀಟರ್ 2,46,000 ಕಿಲೋಮೀಟರ್ ತೋರಿಸುತ್ತದೆ, ಕೇಳುತ್ತಿರುವ ಬೆಲೆ ಹನ್ನೊಂದೂವರೆ ಲಕ್ಷ. ಮನೆಯವರೆಲ್ಲ ಆ ಕಿಲೋಮೀಟರ್ ಲೆಕ್ಕವನ್ನೇ ಹಿಡಿದುಕೊಂಡು ಬೇಡವೆನ್ನುತ್ತಿದ್ದಾರೆ. ಅನುಭವಸ್ಥರು ಏನೆನ್ನುತ್ತೀರಿ?

ಉತ್ತರ 1: ಕುಶಾಲನಗರದ ಗ್ಯಾರೇಜಿನವರು

ಮೇಷ್ಟರೇ, ಡೀಸೆಲ್ ಟಿಟಿಗೆ ಎರಡೂವರೆ ಲಕ್ಷ ಹೆದರುವಂಥ ಸಂಖ್ಯೆಯಲ್ಲ. ಆದರೆ ಆ ಸಂಖ್ಯೆ ಯಾವ ಯಾವ ವರ್ಷಗಳಿಗೆ ಹೇಗೆ ಹಂಚಿಹೋಗಿದೆ ಎಂಬುದನ್ನು ಮೊದಲು ಕೇಳಿ. ಪ್ರವಾಸಿ ವಾಹನವಾಗಿದ್ದಾಗಲೇ ಎರಡು ಲಕ್ಷ ಮೂವತ್ತು ಸಾವಿರ ಓಡಿ, ಮನೆಯಾಗಿ ಬದಲಾದ ಮೇಲೆ ಬರೀ ಹದಿನಾರು ಸಾವಿರ ಓಡಿದ್ದರೆ, ನೀವು ಕೊಳ್ಳುತ್ತಿರುವುದು ಓಡಿದ ಗಾಡಿಯನ್ನಲ್ಲ, ನಿಂತ ಗಾಡಿಯನ್ನು. ನನ್ನ ಮಟ್ಟಿಗೆ ನಿಂತ ಗಾಡಿಯೇ ಹೆಚ್ಚು ಖರ್ಚಿನದು. ಬ್ರೇಕ್ ಸಿಲಿಂಡರಿನ ರಬ್ಬರ್ ಕಪ್‌ಗಳು ಗಟ್ಟಿಯಾಗುತ್ತವೆ, ಡೀಸೆಲ್ ಟ್ಯಾಂಕಿನಲ್ಲಿ ನೀರು ಕೂರುತ್ತದೆ, ಟಯರ್ ಸವೆಯದಿದ್ದರೂ ಪಕ್ಕದಲ್ಲಿ ಬಿರುಕು ಬಿಡುತ್ತದೆ. ಟಯರಿನ ಪಕ್ಕದಲ್ಲಿರುವ ನಾಲ್ಕು ಅಂಕಿಗಳನ್ನು ಓದಿ. 2319 ಎಂದಿದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದದ್ದು, ಹೂವು (ಟಯರಿನ ಮೇಲಿನ ಗೀರುಗಳು) ಎಷ್ಟೇ ಚೆನ್ನಾಗಿ ಕಂಡರೂ ಬದಲಿಸಬೇಕಾದದ್ದು.

ಬೆಳಿಗ್ಗೆ ಬೇಗ ಹೋಗಿ, ನೀವು ಬರುವ ಸಮಯವನ್ನು ಮುಂಚಿತವಾಗಿ ಹೇಳಬೇಡಿ. ಬಾನೆಟ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಯಾರೋ ಆಗಲೇ ಸ್ಟಾರ್ಟ್ ಮಾಡಿದ್ದಾರೆ, ಹಾಗಿದ್ದರೆ ಇನ್ನೊಂದು ದಿನ ಹೋಗುವುದೇ ವಾಸಿ. ತಣ್ಣನೆಯ ಇಂಜಿನ್ ಸ್ಟಾರ್ಟ್ ಆದ ಮೇಲೆ ಆಯಿಲ್ ಮುಚ್ಚಳ ತೆಗೆದು ಅಲ್ಲೇ ಬಾಯಿಯ ಮೇಲೆ ಬೋರಲಾಗಿ ಇಡಿ. ಅದು ಕುಣಿಯುತ್ತಾ ಹೊಗೆ ಉಗುಳಿದರೆ ಪಿಸ್ಟನ್ ರಿಂಗ್ ಸವೆದಿದೆ ಎಂದು ತಿಳಿಯಿರಿ. ನೀಲಿ ಹೊಗೆ ನಿಲ್ಲದೆ ಬಂದರೆ ಆಯಿಲ್ ಉರಿಯುತ್ತಿದೆ. ಮುಚ್ಚಳದ ಒಳಗೆ ಹಾಲು ಬೆರೆಸಿದ ಕಾಫಿಯಂಥ ಬಣ್ಣದ ಜಿಗುಟು ಕಂಡರೆ ಆಯಿಲಿಗೆ ನೀರು ಸೇರಿರಬಹುದು.

ಗಾಡಿಯನ್ನು ಘಾಟಿ ಹತ್ತಿಸದೆ ಒಪ್ಪಿಕೊಳ್ಳಬೇಡಿ. ಮಾರುವವರು ಒಪ್ಪಿದರೆ ಕುಶಾಲನಗರದಿಂದ ಸುಂಟಿಕೊಪ್ಪದ ಮೇಲೆ ಮಡಿಕೇರಿಯವರೆಗೆ, ಸುಮಾರು ಮೂವತ್ತು ಕಿಲೋಮೀಟರ್, ಟ್ಯಾಂಕಿಗೆ ನೀರು ತುಂಬಿಕೊಂಡೇ ಓಡಿಸಿ ನೋಡಿ. ಏರಿನಲ್ಲಿ ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಇಂಜಿನ್ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಮುಗಿದಿದೆ. ಕೂಡ್ಲೂರಿನಲ್ಲಿ ಕಾಫಿ ಲೋಡ್ ತೂಗುವ ವೇ ಬ್ರಿಡ್ಜ್‌ಗಳಿವೆ. ಅಲ್ಲಿ ಒಮ್ಮೆ ತೂಗಿಸಿ, ನೋಂದಣಿ ಪತ್ರದಲ್ಲಿ, ಅಂದರೆ ಆರ್‌ಸಿಯಲ್ಲಿರುವ ಒಟ್ಟು ತೂಕದೊಂದಿಗೆ ಹೋಲಿಸಿ. ನೂರು ಲೀಟರ್ ನೀರೆಂದರೆ ನೂರು ಕಿಲೋ. ಪ್ಲೈವುಡ್ ಕಪಾಟುಗಳ ಭಾರ ಸಂಪಾಜೆ ಇಳಿಜಾರಿನಲ್ಲಿ ಬ್ರೇಕಿಗೆ ಗೊತ್ತಾಗುತ್ತದೆ.

ಉತ್ತರ 2: ಪೊನ್ನಂಪೇಟೆಯಿಂದ

ಇಂಜಿನ್ ವಿಷಯದಲ್ಲಿ ಮೇಲಿನವರು ಹೇಳಿದ್ದು ಸರಿ, ಆದರೆ ನನ್ನ ಗಾಡಿ ನನ್ನನ್ನು ಸೋಲಿಸಿದ್ದು ಇಂಜಿನ್‌ನಿಂದಲ್ಲ. ನಾನು ಕೊಂಡಿದ್ದು ಕೇವಲ ತೊಂಬತ್ತು ಸಾವಿರ ಓಡಿದ ಗಾಡಿ. ಒಳಗೆ ಹೊಸ ಬಣ್ಣದ ವಾಸನೆಯಿತ್ತು, ಅದನ್ನು ಅಚ್ಚುಕಟ್ಟು ಎಂದುಕೊಂಡೆ. ಮೊದಲ ಮುಂಗಾರು ಕಳೆದು ಕೈಲ್‌ಪೊಳ್ದ್ ಹಬ್ಬದ ಹೊತ್ತಿಗೆ ಬಾಗಿಲು ತೆರೆದಾಗ ಹಾಸಿಗೆಯ ಮೇಲೆ ಹಸಿರು ಬೂಷ್ಟು ಹರಡಿತ್ತು. ಹಿಂದಿನ ಕಿಟಕಿಯ ಕೆಳಗೆ ಹೆಬ್ಬೆರಳಿನಿಂದ ಒತ್ತಿದೆ. ಗೋಡೆ ಕಾಫಿಯಲ್ಲಿ ಅದ್ದಿದ ರಸ್ಕಿನಂತೆ ಒಳಗೆ ಹೋಯಿತು, ಬೆರಳ ಸುತ್ತ ನೀರು ಒಸರಿತು. ಸೋಲಾರ್ ಫಲಕ ಕೂರಿಸಲು ಮೇಲ್ಛಾವಣಿಯಲ್ಲಿ ಕೊರೆದ ಸ್ಕ್ರೂ ತೂತುಗಳಿಂದ ವರ್ಷಗಟ್ಟಲೆ ನೀರು ಇಳಿದು, ಒಳಗಿನ ಪ್ಲೈವುಡ್ಡನ್ನೂ ಅದರ ಹಿಂದಿನ ಕಬ್ಬಿಣದ ಪಟ್ಟಿಯನ್ನೂ ತಿಂದುಹಾಕಿತ್ತು. ಇಂಜಿನ್ ಮಾತ್ರ ಇವತ್ತಿಗೂ ಗಡಿಯಾರದಂತೆ ನಡೆಯುತ್ತದೆ.

ಆದ್ದರಿಂದ ಛಾವಣಿಗೆ ಏಣಿ ಹಾಕಿ ಹತ್ತಿ, ಪ್ರತಿಯೊಂದು ಕೀಲಿನ ಸಿಲಿಕೋನ್ ಅಂಟನ್ನು ನೋಡಿ. ಕಪಾಟುಗಳ ಹಿಂಬದಿ, ಶೌಚಾಲಯದ ನೆಲ, ಕಿಟಕಿಗಳ ಕೆಳಮೂಲೆ, ಇವೆಲ್ಲವನ್ನೂ ಬೆರಳಿನಿಂದ ಒತ್ತಿ. ಸಾಧ್ಯವಾದರೆ ಒಂದು ಜಡಿಮಳೆಯ ಮರುದಿನ ಹೋಗಿ. ಗ್ಯಾಸ್ ಪೈಪಿನ ಜೋಡಣೆಗಳಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದೆಯೇ ನೋಡಿ, ಮತ್ತು ಎಲ್‌ಪಿಜಿ ಗಾಳಿಗಿಂತ ಭಾರವಾದ್ದರಿಂದ ನೆಲದ ಮಟ್ಟದಲ್ಲಿ ಗಾಳಿಕಿಂಡಿ ಇದೆಯೇ ಎಂದೂ ನೋಡಿ.

ತರುವ ಮುನ್ನ ಅದನ್ನು ನಿಲ್ಲಿಸುವುದೆಲ್ಲಿ ಎಂಬುದನ್ನು ತೀರ್ಮಾನಿಸಿಕೊಳ್ಳಿ. ಕಾಫಿ ಕಣದಲ್ಲಿ ಟಾರ್ಪಾಲ್ ಹೊದಿಸಿ ನಿಲ್ಲಿಸಿದ್ದು ನನ್ನ ಎರಡನೇ ತಪ್ಪು. ಟಾರ್ಪಾಲ್ ಮಳೆಯನ್ನು ತಡೆಯಿತು, ತೇವವನ್ನು ಒಳಗೇ ಹಿಡಿದಿಟ್ಟಿತು. ಮೇಲೆ ಶೀಟು, ನಾಲ್ಕೂ ಕಡೆ ಗಾಳಿ ಇರುವ ಶೆಡ್ ಬೇಕು. ಗಾಡಿಯ ಎತ್ತರವನ್ನು ಸೋಲಾರ್ ಫಲಕ ಸೇರಿಸಿ ಅಳೆದುಕೊಳ್ಳಿ, ಗೋದಾಮಿನ ಬಾಗಿಲಲ್ಲಿ ಸಿಕ್ಕಿಕೊಂಡ ಮೇಲೆ ಅಳೆಯುವುದು ಬೇಡ.

ಉತ್ತರ 3: ವಿರಾಜಪೇಟೆಯಿಂದ

ಕಾಗದಪತ್ರಗಳ ಬಗ್ಗೆ ಯಾರೂ ಬರೆದಿಲ್ಲವಾದ್ದರಿಂದ ಸೇರಿಸುತ್ತೇನೆ. ಆರ್‌ಸಿಯಲ್ಲಿ ಈಗಲೂ ಹನ್ನೆರಡು ಸೀಟಿನ ಪ್ರವಾಸಿ ವಾಹನವೆಂದೇ ಇದೆಯೇ, ಇಲ್ಲವೇ ಕ್ಯಾಂಪರ್ ವ್ಯಾನ್ ಎಂದು ತಿದ್ದುಪಡಿಯಾಗಿದೆಯೇ ನೋಡಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರ ಮೂಲ ವಿವರಗಳಿಗೆ ಹೊಂದದಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ, ಇದನ್ನು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಎತ್ತಿಹಿಡಿದಿದೆ. ಸ್ವಂತ ಬಳಕೆಯ ಕ್ಯಾಂಪರ್ ವ್ಯಾನ್ ಎಂಬುದು 2004ರ ಕೇಂದ್ರ ಅಧಿಸೂಚನೆಯಲ್ಲಿ ಸಾರಿಗೇತರ ವಾಹನಗಳ ಪಟ್ಟಿಯಲ್ಲೇ ಇರುವುದರಿಂದ ದಾರಿಯಿಲ್ಲವೆಂದೇನೂ ಅಲ್ಲ, ಆದರೆ ಆ ದಾರಿಯನ್ನು ಮಾರುವವರು ಹಿಡಿದಿದ್ದಾರೆಯೇ ಎಂಬುದೇ ಪ್ರಶ್ನೆ. ತಿದ್ದುಪಡಿಯಾಗದ ಗಾಡಿ ಅಪಘಾತಕ್ಕೀಡಾದರೆ ವಿಮಾ ಕಂಪನಿಗೆ ನೀವೇ ನೆಪ ಕೊಟ್ಟಂತಾಗುತ್ತದೆ.

ಕೇರಳದ ನೋಂದಣಿಯಾದ್ದರಿಂದ ಫಾರಂ 28ರ ನಿರಾಕ್ಷೇಪಣಾ ಪತ್ರ, ವರ್ಗಾವಣೆಗೆ ಫಾರಂ 29 ಮತ್ತು 30, ಸಾಲವಿದ್ದಿದ್ದರೆ ಅದು ತೀರಿತೆಂಬುದಕ್ಕೆ ಫಾರಂ 35 ಬೇಕು. ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ಇಟ್ಟುಕೊಳ್ಳುವುದಾದರೆ ಕೊಡಗಿನ ಕೆಎ 12 ನೋಂದಣಿ ಮಾಡಿಸಿ ಕರ್ನಾಟಕದ ತೆರಿಗೆ ಕಟ್ಟಲೇಬೇಕು. ಹನ್ನೊಂದೂವರೆ ಲಕ್ಷದ ಮೇಲೆ ಅದನ್ನೂ ಕೂಡಿಸಿ ನೋಡಿ. ಖಾಸಗಿ ವಾಹನವಾಗಿ ನೋಂದಣಿಯ ಹದಿನೈದು ವರ್ಷ 2029ಕ್ಕೆ ಮುಗಿಯುತ್ತದೆ ಎಂಬುದೂ ನೆನಪಿರಲಿ.

ಪ್ರಶ್ನೆ ಕೇಳಿದವರಿಂದ

ನಿನ್ನೆ ಮಾಕುಟ್ಟದ ಮೇಲೆ ಕಣ್ಣೂರಿಗೆ ಹೋಗಿ ಬಂದೆ. ಬಾನೆಟ್ ತಣ್ಣಗಿತ್ತು, ಆಯಿಲ್ ಮುಚ್ಚಳ ಕುಣಿಯಲಿಲ್ಲ. ಗ್ಯಾರೇಜಿನವರು ಊಹಿಸಿದಂತೆಯೇ ಕಳೆದ ನಾಲ್ಕು ವರ್ಷಗಳಲ್ಲಿ ಗಾಡಿ ಇಪ್ಪತ್ತು ಸಾವಿರವೂ ಓಡಿಲ್ಲ, ಟಯರುಗಳು 2018ರವು. ಶೌಚಾಲಯದ ನೆಲ ಒಂದು ಮೂಲೆಯಲ್ಲಿ ಕಾಲಿಟ್ಟರೆ ತಗ್ಗುತ್ತದೆ. ಆರ್‌ಸಿಯಲ್ಲಿ ಈಗಲೂ 12 ಸೀಟುಗಳಿವೆ, ಗಾಡಿಯಲ್ಲಿರುವುದು ನಾಲ್ಕು.

ಆರ್‌ಸಿ ತಿದ್ದುಪಡಿಯನ್ನು ಅವರೇ ತಮ್ಮ ಖರ್ಚಿನಲ್ಲಿ ಮಾಡಿಸಿಕೊಡುವುದಾದರೆ ಮತ್ತು ಆ ಮೂಲೆಯ ನೆಲವನ್ನು ನನ್ನೆದುರು ಬಿಚ್ಚಿ ತೋರಿಸುವುದಾದರೆ ಎಂಟು ಲಕ್ಷ ಕೊಡುತ್ತೇನೆಂದು ಹೇಳಿ, ಮುಂಗಡ ಕೊಡದೆ ಬಂದಿದ್ದೇನೆ. ಅವರು ಯೋಚಿಸಿ ತಿಳಿಸುತ್ತೇನೆಂದಿದ್ದಾರೆ. ಅಷ್ಟರಲ್ಲಿ ಗೋದಾಮಿನ ಬಾಗಿಲನ್ನು ಅಳೆದೆ. ಗಾಡಿಗಿಂತ ಒಂಬತ್ತು ಇಂಚು ಗಿಡ್ಡ.