ಆಸ್ಪಿರಿನ್ ತಪ್ಪಿಸದಿದ್ದರೂ ಅಪ್ಪನಿಗೆ ಮಿನಿ ಸ್ಟ್ರೋಕ್, ಇದು ರೆಸಿಸ್ಟೆನ್ಸಾ?

ಹಾಸನದ ಮಗಳು:
ಅಪ್ಪನಿಗೆ 68 ವರ್ಷ, ಶುಗರ್ ಇದೆ. ಎರಡು ವರ್ಷದ ಹಿಂದೆ ಸ್ಟ್ರೋಕ್ ಆದಾಗಿಂದ ದಿನಾ ಎಕೋಸ್ಪ್ರಿನ್ 75 (ಆಸ್ಪಿರಿನ್ ಮಾತ್ರೆ) ತಗೊಳ್ಳುತ್ತಾರೆ. ಹೋದ ವಾರ ಕಾಫಿ ಲೋಟ ಕೈಯಿಂದ ಜಾರಿತು, ಮಾತು ತೊದಲಿತು, ಅರ್ಧ ಗಂಟೆಯಲ್ಲಿ ಸರಿಹೋಯಿತು. ಆಸ್ಪತ್ರೆಯಲ್ಲಿ ಮಿನಿ ಸ್ಟ್ರೋಕ್ ಎಂದರು, 21 ದಿನ ಕ್ಲೋಪಿಡೋಗ್ರೆಲ್ ಎಂಬ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇನ್ನೊಂದು ಮಾತ್ರೆ ಕೂಡ ಕೊಟ್ಟಿದ್ದಾರೆ. ನೆಂಟರೊಬ್ಬರು ಇದು ಆಸ್ಪಿರಿನ್ ರೆಸಿಸ್ಟೆನ್ಸ್, ಅಂದರೆ ಮಾತ್ರೆ ಮೈಗೆ ನಾಟುತ್ತಿಲ್ಲ, ಟೆಸ್ಟ್ ಮಾಡಿಸಿ ಎನ್ನುತ್ತಿದ್ದಾರೆ. ಮಾಡಿಸಬೇಕಾ? ತುಂಬಾ ಭಯವಾಗಿದೆ.

ಮೆಡಿಕಲ್ ಶಾಪ್ ಅಣ್ಣ:
ಭಯ ಆಗೋದು ಸಹಜ ಅಕ್ಕ. ಟೆಸ್ಟಿಗಿಂತ ಮೊದಲು ಒಂದು ವಿಷಯ ನೋಡಿ, ಅಪ್ಪ ಮಂಡಿ ನೋವಿಗೋ ಬೆನ್ನು ನೋವಿಗೋ ಬೇರೆ ಮಾತ್ರೆ ತಗೊಳ್ಳುತ್ತಾರಾ? ಆಸ್ಪಿರಿನ್, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್ಲೆಟ್ ಕಣದ ಒಂದು ಕಿಣ್ವಕ್ಕೆ ಅಂಟಿಕೊಂಡು ಆ ಪ್ಲೇಟ್ಲೆಟ್ ಬದುಕಿರುವವರೆಗೂ, ಅಂದರೆ ಸುಮಾರು 7ರಿಂದ 10 ದಿನ, ಅದನ್ನು ಸುಮ್ಮನಿರಿಸುತ್ತದೆ. ನೋವಿನ ಮಾತ್ರೆ ಐಬುಪ್ರೊಫೆನ್ ಮೊದಲೇ ಹೋಗಿ, ಬಸ್ಸಿನಲ್ಲಿ ಟವೆಲ್ ಹಾಕಿ ಸೀಟು ಹಿಡಿದ ಹಾಗೆ, ಆ ಜಾಗ ಹಿಡಿದರೆ ಆಸ್ಪಿರಿನ್‌ಗೆ ಜಾಗ ಸಿಗಲ್ಲ, ಕಾಯೋಣ ಅಂದರೆ ಆಸ್ಪಿರಿನ್ ರಕ್ತದಲ್ಲಿ ಜಾಸ್ತಿ ಹೊತ್ತು ಉಳಿಯೋದೂ ಇಲ್ಲ. ಎಷ್ಟೋ ಸಲ ರೆಸಿಸ್ಟೆನ್ಸ್ ಎನ್ನೋದು ಇದೇ, ಇಲ್ಲವೇ ಮಾತ್ರೆ ಮಧ್ಯೆ ಮಧ್ಯೆ ಮರೆತಿರೋದು. ಶುಗರ್ ಇದ್ದವರಲ್ಲಿ ಹೊಸ ಪ್ಲೇಟ್ಲೆಟ್ ಬೇಗ ಬೇಗ ಹುಟ್ಟುವುದರಿಂದಲೂ ಆಸ್ಪಿರಿನ್ ಪರಿಣಾಮ ಕಡಿಮೆಯಾಗಬಹುದು.

ಮೈಸೂರು ಮಂಜು:
ನಮ್ಮ ಅಮ್ಮನಿಗೂ ಹೀಗೇ ಆಯ್ತು. ಕಾರಣ ಬೇರೆಯೇ ಇತ್ತು. ಹಾರ್ಟ್ ಬೀಟ್ ಏರುಪೇರು, ಏಟ್ರಿಯಲ್ ಫಿಬ್ರಿಲೇಷನ್ ಅಂತ ಹೋಲ್ಟರ್ (ಹಾರ್ಟ್ ಬೀಟ್ ದಾಖಲಿಸುವ ಯಂತ್ರ) ಹಾಕಿದ ಮೇಲೆ ಗೊತ್ತಾಯಿತು. ಅದಕ್ಕೆ ಆಸ್ಪಿರಿನ್ ಸಾಲದು, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಬೇರೆ ಬಗೆಯ ಮಾತ್ರೆ ಬೇಕು. ದಯವಿಟ್ಟು ಇದನ್ನೂ ಕೇಳಿ. ಬಿಪಿ ಎಷ್ಟಿದೆ, ಕುತ್ತಿಗೆಯ ರಕ್ತನಾಳದ ಸ್ಕ್ಯಾನ್ ಆಗಿದೆಯಾ ಅನ್ನೋದನ್ನೂ ಬಿಡಬೇಡಿ.

ಹಾಸನದ ಮಗಳು:
ಅಣ್ಣ, ನೀವು ಹೇಳಿದ್ದು ನಿಜ. ಅಪ್ಪನ ಅಂಗಿ ಜೇಬಿನಲ್ಲೇ ಸ್ಟ್ರಿಪ್ ಸಿಕ್ಕಿತು, ಐಬುಪ್ರೊಫೆನ್ 400. ಮಂಡಿ ನೋವಿಗೆ ಅಂತ ದಿನಾ ಬೆಳಿಗ್ಗೆ ಮೊದಲು ಅದು, ಆಮೇಲೆ ಎಕೋಸ್ಪ್ರಿನ್. ನಮಗೆ ಯಾರಿಗೂ ಹೇಳಿಯೇ ಇರಲಿಲ್ಲ. ಹಾಗಾದರೆ ಟೆಸ್ಟ್ ಬೇಡವಾ?

ಮೆಡಿಕಲ್ ಶಾಪ್ ಅಣ್ಣ:
ಎಲ್ಲರಿಗೂ ಟೆಸ್ಟ್ ಮಾಡಿಸಿ ಪ್ರಯೋಜನ ಕಂಡಿಲ್ಲ ಅಕ್ಕ. ಫ್ರಾನ್ಸ್‌ನಲ್ಲಿ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡ 2,440 ಜನರ ಮೇಲೆ ಮಾಡಿದ ಆರ್ಕ್ಟಿಕ್ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಟೆಸ್ಟ್ ನೋಡಿ ಮಾತ್ರೆ ಬದಲಿಸಿದವರಿಗೂ ಟೆಸ್ಟೇ ಮಾಡದವರಿಗಿಂತ ಹೆಚ್ಚು ಲಾಭ ಆಗಲಿಲ್ಲ. ಆ ಸ್ಟ್ರಿಪ್ ಇಟ್ಟುಕೊಂಡು ನಾಳೆಯೇ ನ್ಯೂರಾಲಜಿ ಡಾಕ್ಟರ್ ಹತ್ತಿರ ಹೋಗಿ, ನೋವಿಗೆ ಪ್ಯಾರಾಸಿಟಮಾಲ್ ಸಾಕಾ ಕೇಳಿ. ಅಲ್ಲಿಯವರೆಗೆ ಆಸ್ಪಿರಿನ್ ನಿಲ್ಲಿಸಬೇಡಿ, ನೀವೇ ಒಂದರ ಬದಲು ಎರಡು ಆಸ್ಪಿರಿನ್ ಕೂಡ ಕೊಡಬೇಡಿ, ರಕ್ತಸ್ರಾವದ ಅಪಾಯ ಇದೆ. ಕೈ ಅಥವಾ ಮಾತು ಮತ್ತೆ ತಪ್ಪಿದರೆ ಕಾಯದೆ 108ಕ್ಕೆ ಫೋನ್ ಮಾಡಿ.