ಟೆಸ್ಟ್ ವಿಡಿಯೋ ನೋಡಿ ಲೆನ್ಸ್ ತಗೊಳ್ಳಬಹುದಾ? ಸೋನಿ 200-600 ಅಥವಾ ಸಿಗ್ಮಾ 150-600

ಮೈಸೂರು_ಮಿಂಚುಳ್ಳಿ:
ನಮಸ್ಕಾರ ಎಲ್ಲರಿಗೂ. ಹಕ್ಕಿ ಫೋಟೋಗೆ ಲೆನ್ಸ್ ತಗೊಳ್ಳಬೇಕು, ಬಾಡಿ (ಕ್ಯಾಮೆರಾ) ಸೋನಿ ಎ7 4. ಸೋನಿ 200-600 ಮತ್ತು ಸಿಗ್ಮಾ 150-600 ಡಿಜಿ ಡಿಎನ್ ಸ್ಪೋರ್ಟ್ಸ್, ಎರಡರಲ್ಲಿ ಯಾವುದು ಅಂತ ತೀರ್ಮಾನ ಆಗ್ತಿಲ್ಲ. ಒಂದು ವಿಡಿಯೋದಲ್ಲಿ 600 ಎಂಎಂ ಜೂಮ್‌ನಲ್ಲಿ ಸೋನಿ ಶಾರ್ಪ್, ಇನ್ನೊಂದರಲ್ಲಿ ಸಿಗ್ಮಾ. ಇಬ್ಬರೂ ಚಾರ್ಟ್ (ಸಣ್ಣ ಗೆರೆಗಳ ಟೆಸ್ಟ್ ಕಾಗದ) ಇಟ್ಟು, ಮೂಲೆಗಳನ್ನು ಹಿಗ್ಗಿಸಿ ತೋರಿಸುತ್ತಾರೆ. ಯಾರನ್ನು ನಂಬೋದು? ನಾನು ಹೋಗೋದು ಹೆಚ್ಚಾಗಿ ರಂಗನತಿಟ್ಟು, ಕೊಕ್ಕರೆ ಬೆಳ್ಳೂರು, ಯಾವಾಗಲಾದರೂ ಕಬಿನಿ.

ಹೆಜ್ಜಾರ್ಲೆ:
ಇಬ್ಬರೂ ನಿಜವನ್ನೇ ಹೇಳಿರಬಹುದು. ಅವರ ಕೈಯಲ್ಲಿದ್ದದ್ದು ಪ್ರತಿ ಮಾಡೆಲ್‌ದು ಒಂದೊಂದೇ ಪೀಸ್. ಒಂದೇ ಮಾಡೆಲ್‌ನಲ್ಲೂ ಪೀಸ್‌ನಿಂದ ಪೀಸ್‌ಗೆ ವ್ಯತ್ಯಾಸ ಇರುತ್ತದೆ, ಒಳಗಿನ ಒಂದು ಗಾಜು ಕೂದಲೆಳೆಯಷ್ಟು ವಾಲಿದ್ದರೂ ಫೋಟೋದ ಒಂದು ಬದಿ ಮಂಕಾಗುತ್ತದೆ.

ಇನ್ನೊಂದು ವಿಷಯ ದೂರ. ಒಂದು ಮೀಟರ್ ಅಗಲದ ಚಾರ್ಟ್ ನಿಮ್ಮಂಥ ಫುಲ್ ಫ್ರೇಮ್ ಕ್ಯಾಮೆರಾದಲ್ಲಿ ಫೋಟೋ ಪೂರ್ತಿ ತುಂಬಬೇಕು ಅಂದ್ರೆ 600ರಲ್ಲಿ ಸುಮಾರು 17 ಮೀಟರ್ ದೂರದಲ್ಲಿ ನಿಂತರೆ ಸಾಕು. ಟ್ರೈಪಾಡ್ ಮೇಲೆ, ಗಾಳಿ ಇಲ್ಲದ ಕೋಣೆಯಲ್ಲಿ, ಅಲುಗಾಡದ ಕಾಗದ. ನೀವು ರಂಗನತಿಟ್ಟಿನಲ್ಲಿ ಕೂರೋದು ಅಲ್ಲಾಡೋ ದೋಣಿಯಲ್ಲಿ. ರಿವರ್ ಟರ್ನ್ ಹಕ್ಕಿ ನೀರಿನ ಮೇಲೆ ಸರ್ರನೆ ತಿರುಗುವಾಗ ಶಟರ್ 1/2000 ಸೆಕೆಂಡ್ ಇಟ್ಟರೂ ಫೋಕಸ್ ಹಿಡಿದಿದ್ದರಷ್ಟೇ ಫೋಟೋ. ಬಿಸಿಲು ಏರಿದ ಮೇಲೆ ದೂರದ ಬಂಡೆ ಮೇಲಿನ ಹಕ್ಕಿಯ ಗರಿಗಳು ಬಿಸಿಗಾಳಿಯಲ್ಲಿ ಕಲಸಿಹೋಗುತ್ತವೆ, ಆಗ ಯಾವ ಲೆನ್ಸ್ ಇದ್ದರೂ ಒಂದೇ. ಇನ್ನು ಆ ಮೂಲೆಗಳು, ಹಕ್ಕಿ ಫೋಟೋದಲ್ಲಿ ಅಲ್ಲಿ ಇರೋದು ಮಸುಕಾದ ನೀರೋ ಎಲೆಯೋ ಅಲ್ವಾ?

ಕಾವೇರಿ_ಕ್ಲಿಕ್:
ಒಪ್ಪುತ್ತೇನೆ, ಆದರೆ ಟೆಸ್ಟ್‌ಗಳೇ ಬೇಡ ಅನ್ನೋದು ಬೇಡ. ಕಣ್ಣಿಗೆ ಹೊಡೆಯುವಷ್ಟು ವ್ಯತ್ಯಾಸ ಹತ್ತು ಜನರ ಟೆಸ್ಟ್‌ನಲ್ಲೂ ಒಂದೇ ಥರ ಕಂಡರೆ ಅದು ನಿಜ, ಆ ಲೆನ್ಸ್ ಬಿಟ್ಟುಬಿಡಿ. ಇಲ್ಲಿ ಅಷ್ಟು ದೊಡ್ಡ ವ್ಯತ್ಯಾಸ ಇದ್ದಿದ್ದರೆ ನಿಮಗೆ ಈ ಗೊಂದಲವೇ ಬರುತ್ತಿರಲಿಲ್ಲ.

ಆಯ್ಕೆ ಬೇರೆ ಕಡೆ ಇದೆ. ಎರಡೂ ಸುಮಾರು 2.1 ಕೆಜಿ. ಸೋನಿ ಜೂಮ್ ಮಾಡಿದರೆ ಉದ್ದ ಆಗಲ್ಲ, ಕೈಯಲ್ಲಿ ತೂಕ ಇದ್ದಲ್ಲೇ ಇರುತ್ತದೆ, ರಿಂಗ್ ಸ್ವಲ್ಪ ತಿರುಗಿಸಿದರೆ ಸಾಕು. ಸಿಗ್ಮಾ ಮುಂದಕ್ಕೆ ಚಾಚುತ್ತದೆ, ಹಾಗಾಗಿ ಮುಂಭಾರ. ಬಣ್ಣದ ಕೊಕ್ಕರೆ ತಲೆ ಮೇಲೆ ಹಾರಿ ಬಂದಾಗ ಇದು ತೋಳಿಗೆ ಚೆನ್ನಾಗಿ ಗೊತ್ತಾಗುತ್ತದೆ. ಸೋನಿಗೆ 1.4 ಕನ್ವರ್ಟರ್ (ಲೆನ್ಸ್ ಹಿಂದೆ ಹಾಕಿ 1.4 ಪಟ್ಟು ಹಿಗ್ಗಿಸೋ ಜೋಡಣೆ) ಹಾಕಿದರೆ 840 ಸಿಗುತ್ತದೆ (ಅಪರ್ಚರ್ ಎಫ್/9ಕ್ಕೆ ಇಳಿಯುತ್ತದೆ, ಬೆಳಕು ಬೇಕು), ಸೋನಿ ಮೌಂಟ್‌ನ ಸಿಗ್ಮಾಗೆ ಕನ್ವರ್ಟರ್ ಇಲ್ಲ. ಸಿಗ್ಮಾ ಪರವಾಗಿಯೂ ಇದೆ: ಕಬಿನಿಯಲ್ಲಿ ಆನೆ ಜೀಪಿನ ಪಕ್ಕಕ್ಕೇ ಬಂದರೆ 150 ಉಪಯೋಗಕ್ಕೆ ಬರುತ್ತದೆ. 150ರಲ್ಲಿ 58 ಸೆಂಟಿಮೀಟರ್ ಹತ್ತಿರಕ್ಕೂ ಫೋಕಸ್ ಆಗುತ್ತದೆ, ಸೋನಿಗೆ 2.4 ಮೀಟರ್ ಬೇಕು. ಚಿಟ್ಟೆ ಹುಚ್ಚು ಇದ್ದರೆ ಇದು ಸಣ್ಣ ವಿಷಯ ಅಲ್ಲ.

ಸೋನಿ ಬಾಡಿಯಲ್ಲಿ ಬೇರೆ ಕಂಪನಿ ಲೆನ್ಸ್‌ಗೆ ಸೆಕೆಂಡಿಗೆ 15 ಫೋಟೋ ಮಿತಿ ಅಂತ ಎಲ್ಲ ವಿಡಿಯೋದಲ್ಲೂ ಹೆದರಿಸುತ್ತಾರೆ. ನಿಮ್ಮ ಎ7 4 ತೆಗೆಯೋದೇ 10. ತಲೆ ಕೆಡಿಸಿಕೊಳ್ಳಬೇಡಿ.

ಮೈಸೂರು_ಮಿಂಚುಳ್ಳಿ:
ಚಿಟ್ಟೆ ಕಡೆ ಅಷ್ಟು ಆಸಕ್ತಿ ಇಲ್ಲ, ಹಾರೋ ಹಕ್ಕಿನೇ ಬೇಕು. ಪ್ರಿಂಟ್ ಹಾಕ್ಸಿದ್ರೆ 12x18 ಇಂಚು, ಅಷ್ಟೇ. ಆ ಸೈಜ್‌ನಲ್ಲಿ ಈ ವ್ಯತ್ಯಾಸ ಕಾಣುತ್ತಾ?

ಹೆಜ್ಜಾರ್ಲೆ:
300 ಡಿಪಿಐನಲ್ಲಿ 12x18ಕ್ಕೆ ಬೇಕಿರೋದು 5400x3600, ಅಂದ್ರೆ 19 ಮೆಗಾಪಿಕ್ಸೆಲ್ ಚಿಲ್ಲರೆ. ನಿಮ್ಮದು 33. ಜಾಸ್ತಿ ಕ್ರಾಪ್ ಮಾಡದಿದ್ದರೆ ಕಾಣಲ್ಲ. ಹಾರೋ ಹಕ್ಕಿ ಅಂದ್ರೆ ನನ್ನ ಓಟು ಸೋನಿಗೆ. ಆದರೂ ಒಂದು ವಾರಾಂತ್ಯ ಬಾಡಿಗೆಗೆ ತಂದು ದೋಣಿಯಲ್ಲಿ ಒಂದು ಸುತ್ತು ಹೊಡೆಯಿರಿ. ಕೊಂಡ ದಿನವೇ ದೂರದ ಇಟ್ಟಿಗೆ ಗೋಡೆಯನ್ನು ನೇರವಾಗಿ ನಿಂತು, ಟ್ರೈಪಾಡ್ ಮೇಲಿಟ್ಟು, 600ರಲ್ಲಿ ಅಪರ್ಚರ್ ಪೂರ್ತಿ ತೆರೆದು ತೆಗೆಯಿರಿ. ಎಡಕ್ಕೂ ಬಲಕ್ಕೂ ತುಂಬಾ ವ್ಯತ್ಯಾಸ ಕಂಡರೆ ತಡ ಮಾಡದೆ ಅಂಗಡಿಗೆ ವಾಪಸ್ ಒಯ್ಯಿರಿ.